ಮಳೆ ನೀರು, ಕುಡಿಯುವ ನೀರು ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರು



ನಮ್ಮ ಸಂಘ 25 ವರ್ಷ ಪೂರೈಸಿ ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ನಿರ್ದೇಶಕರೆಲ್ಲರೂ ಒಬ್ಬೊಬ್ಬ ಮಹನೀಯರ ಬಗ್ಗೆ ಬರೆಯಬೇಕೆಂದು ತೀರ್ಮಾನವಾಯಿತು. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಬಗ್ಗೆ ಬೇರೆಯವರು ಬರೆಯುತ್ತಿದ್ದಾರೆ. ನಾನು ಸರ್ ಎಂ. ವಿಶ್ವೇಶ್ವರಯ್ಯನವರನ್ನು ಆರಿಸಿಕೊಂಡೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ, ಬರವಣಿಗೆ ನಮ್ಮ ಕಸಬಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ವಿಶ್ವೇಶ್ವರಯ್ಯನವರು ಅಂದಕೂಡಲೇ ನಮಗೆ ಕನ್ನಂಬಾಡಿ ಕಟ್ಟೆ, ತಲೆ ಮೇಲೆ ಮೈಸೂರು ಪೇಟ, ಮತ್ತೆ ಆ ಮೇಣದಬತ್ತಿ ಕಥೆ ನೆನಪಿಗೆ ಬರುತ್ತದೆ. ಸರ್ಕಾರದ ಬತ್ತಿ ಒಂದು, ಸ್ವಂತ ಬತ್ತಿ ಒಂದು. ಸಾಲಿಯಲ್ಲಿ ಮಾಸ್ತರರು ಪ್ರತಿ ವರ್ಷ ಇದನ್ನೇ ಹೇಳುತ್ತಿದ್ದರು. ಕಥೆ ನಿಜವೋ ಸುಳ್ಳೋ ಇರಲಿ, ಅದರ ಗದ್ದಲದಲ್ಲಿ ಅವರು ಮಾಡಿದ ದೊಡ್ಡ ಕೆಲಸವೊಂದು ಮರೆತೇ ಹೋಗಿದೆ. ಆ ಮನುಷ್ಯ ತನ್ನ ಆಯುಷ್ಯದ ಎಷ್ಟೋ ವರ್ಷಗಳನ್ನು ಗಟಾರ, ಚರಂಡಿ, ಹಳ್ಳದ ನೀರು, ಕುಡಿಯುವ ನೀರಿನ ಶೋಧನೆ ಇವುಗಳಲ್ಲಿ ಕಳೆದರು. ನಮ್ಮ ಊರಿಗೆ ಈಗ ಬೇಕಾಗಿರುವುದು ಆ ವಿಶ್ವೇಶ್ವರಯ್ಯನವರೇ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ, 1860ರ ಸೆಪ್ಟೆಂಬರ್ 15ರಂದು (ಕೆಲವು ಪುಸ್ತಕಗಳಲ್ಲಿ 1861 ಅಂತಲೂ ಇದೆ). ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. 1860ನೇ ಇಸವಿ ನಮಗೂ ಸಂಬಂಧಪಟ್ಟದ್ದು. 1853ರಲ್ಲಿ ಬ್ರಿಟಿಷರ ಕೈಗೆ ಹೋಗಿದ್ದ ನಮ್ಮ ರಾಯಚೂರು ದೋಆಬ ಸೀಮೆ ಮರಳಿ ನಿಜಾಮರಿಗೆ ಸೇರಿದ್ದು ಅದೇ 1860ರಲ್ಲಿ. ಅಲ್ಲಿಂದ 1948ರ ತನಕ ಸಿಂಧನೂರು, ಲಿಂಗಸುಗೂರು, ಮಾನ್ವಿ ಎಲ್ಲವೂ ಹೈದರಾಬಾದ್ ಸಂಸ್ಥಾನದ ಹಳ್ಳಿಗಳೇ. ಈ ಮಾತು ಯಾಕೆ ಹೇಳಿದೆನೆಂದರೆ, ವಿಶ್ವೇಶ್ವರಯ್ಯನವರು ಮೈಸೂರಿನವರು, ನಮ್ಮ ಕಡೆಗೂ ಅವರಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಇದೆ, ಮುಂದೆ ಬರುತ್ತದೆ.

ಚಿಕ್ಕವರಿದ್ದಾಗಲೇ ತಂದೆ ತೀರಿಹೋದರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಮಕ್ಕಳಿಗೆ ಪಾಠ ಹೇಳಿ ಬಂದ ದುಡ್ಡು, ಇದರಲ್ಲೇ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವರಾಗಿ ಪಾಸಾದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ನಾಸಿಕದಲ್ಲಿ ಕೆಲಸಕ್ಕೆ ಸೇರಿದರು. ಆಮೇಲೆ ಧುಳೆ ಕಡೆ ಹಳ್ಳ ದಾಟಿಸಿ ನೀರು ಒಯ್ಯುವ ಸೈಫನ್ ಕೊಳವೆ ಹಾಕಿಸಿದರು.

ಅವರ ಹೆಸರು ಮೇಲೆ ಬಂದದ್ದು ಸಿಂಧ್ ಪ್ರಾಂತದ ಸಕ್ಕರ್ ಊರಿನಲ್ಲಿ. ಈಗ ಅದು ಪಾಕಿಸ್ತಾನದಲ್ಲಿದೆ. ಊರು ಇರುವುದೇ ಸಿಂಧೂ ನದಿಯ ದಂಡೆ ಮೇಲೆ. ನೀರಿಗೆ ಬರವಿಲ್ಲ, ಆದರೆ ಆ ನೀರೆಲ್ಲ ರಾಡಿ. ಹೊಸ ನೀರು ಬಂದಾಗ ನಮ್ಮ ಕಾಲುವೆ ನೀರು ಹೇಗೆ ಕೆಂಪಗೆ ಬರುತ್ತದೋ ಹಾಗೆ. ಗುಡ್ಡದ ಮೇಲೆ ಶೋಧಿಸುವ ಟ್ಯಾಂಕುಗಳನ್ನು ಕಟ್ಟಬೇಕೆಂದರೆ ಪುರಸಭೆಯ ಹತ್ತಿರ ಅಷ್ಟು ದುಡ್ಡಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ, ದಂಡೆಯ ಹತ್ತಿರ, ಒಂದು ಭಾವಿ ತೋಡಿಸಿದರು. ನದಿಯ ನೀರು ಉಸುಕಿನೊಳಗೆ ಇಳಿದು, ಜಿನುಗಿ, ಭಾವಿಗೆ ಬರುವ ಹೊತ್ತಿಗೆ ತಿಳಿಯಾಗಿರುತ್ತಿತ್ತು. ಅಷ್ಟು ನೀರು ಸಾಲದೆ ಬಂದಾಗ ಭಾವಿಯ ತಳದಿಂದ ನದಿಯ ಕೆಳಗೆ ಸುರಂಗ ಕೊರೆಸಿದರು. ತಿಳಿನೀರನ್ನು ಯಂತ್ರದಿಂದ ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿ ಊರಿಗೆ ಬಿಟ್ಟರು. 1895ರಲ್ಲಿ ಕೆಲಸ ಮುಗಿಯಿತು. ನಮ್ಮ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಹಳ್ಳದೊಳಗೆ ವರತಿ ತೋಡಿ ಬಟ್ಟಲಿಂದ ನೀರು ಗೋರುತ್ತಿದ್ದರಲ್ಲ, ಅದೇ ಬುದ್ಧಿ. ಅವರು ಅದನ್ನು ಒಂದು ಪಟ್ಟಣಕ್ಕೆ ಸಾಕಾಗುವಷ್ಟು ದೊಡ್ಡದು ಮಾಡಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಲುವೆ ಸೀಮೆಯ ಹಳ್ಳಿಗಳಲ್ಲಿ ನಾವು ಕುಡಿಯುವುದು ಕಾಲುವೆಯಿಂದ ಕೆರೆಗೆ ತುಂಬಿಸಿಕೊಂಡ ನೀರು. ಬೋರ್ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಇರುವುದರಿಂದ ಬೇರೆ ದಾರಿಯಿಲ್ಲ. ಕೆರೆಯ ಪಕ್ಕದಲ್ಲಿ ಉಸುಕಿನ ಫಿಲ್ಟರ್ ತೊಟ್ಟಿ ಕಟ್ಟಿರುತ್ತಾರೆ. ಅದು ಬರೀ ಜರಡಿ ಅಂತ ಬಹಳ ಮಂದಿ ತಿಳಿದಿದ್ದಾರೆ, ಹಾಗಲ್ಲ. ನೀರು ನಿಧಾನವಾಗಿ ಇಳಿಯುತ್ತಿದ್ದರೆ ಉಸುಕಿನ ಮೇಲ್ಪದರದಲ್ಲಿ ಒಂದು ತೆಳುವಾದ ಲೋಳೆ ಬೆಳೆಯುತ್ತದೆ. ರೋಗಾಣುಗಳನ್ನು ಹಿಡಿದು ತಿನ್ನುವುದು ಆ ಲೋಳೆಯೇ. ಅದು ದಪ್ಪವಾಗಿ ನೀರು ಇಳಿಯದೆ ಹೋದಾಗ ಮೇಲಿನ ಒಂದೆರಡು ಬೆರಳಿನಷ್ಟು ಉಸುಕನ್ನು ಕೆರೆದು ತೆಗೆಯಬೇಕು, ಮತ್ತೆ ಲೋಳೆ ಬೆಳೆಯಲು ಕೆಲವು ದಿನ ಬಿಡಬೇಕು. ಇದನ್ನು ಯಾರೂ ಮಾಡದೆ, ನೀರು ಬರುತ್ತಿಲ್ಲ ಅಂತ ಜನ ಬೈದಾಗ ಫಿಲ್ಟರ್ ತಪ್ಪಿಸಿ ನೇರವಾಗಿ ಟಾಕಿಗೆ ನೀರು ಏರಿಸುವುದು ಕೆಲವು ಊರುಗಳಲ್ಲಿ ನಡೆಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ್ದೇವೆ ಅನ್ನುತ್ತಾರೆ. ರಾಡಿ ನೀರಿಗೆ ಎಷ್ಟು ಪೌಡರ್ ಹಾಕಿದರೂ ಅರ್ಧದಷ್ಟು ಆ ರಾಡಿಯೇ ನುಂಗಿಬಿಡುತ್ತದೆ, ರೋಗಾಣುವಿನ ತನಕ ಹೋಗುವುದಿಲ್ಲ. 2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಳದ ನೀರು ಕುಡಿದು ವಾಂತಿ ಭೇದಿಯಾಗಿ ಜನ ಸತ್ತದ್ದನ್ನು ನಾವು ಪೇಪರಿನಲ್ಲಿ ಓದಿದ್ದೇವೆ. ಜಿಲ್ಲಾ ಕೇಂದ್ರಕ್ಕೇ ಹಾಗಾದರೆ ಹಳ್ಳಿಯ ಪಾಡೇನು?

ಸಕ್ಕರಿನಿಂದ ಸೂರತ್, ಅಲ್ಲಿಂದ ಪುಣೆ. ಪುಣೆಯ ಹತ್ತಿರ ಖಡಕವಾಸಲಾ ಕೆರೆಗೆ ಅವರು ತಾನೇ ತೆರೆದು ತಾನೇ ಮುಚ್ಚುವ ಗೇಟುಗಳನ್ನು ಕೂಡಿಸಿದರು. ಗೊತ್ತುಪಡಿಸಿದ ಮಟ್ಟಕ್ಕೆ ನೀರು ಏರಿದರೆ ಗೇಟು ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ, ಮನುಷ್ಯರು ಬೇಕಿಲ್ಲ. ಇದರಿಂದ ಕಟ್ಟೆ ಎತ್ತರಿಸದೆಯೇ ಎಂಟು ಅಡಿ ಹೆಚ್ಚು ನೀರು ನಿಲ್ಲಿಸಲು ಬಂತು. ಇದಕ್ಕೆ ಪೇಟೆಂಟ್ ಸಹ ಪಡೆದರು. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ಹರಿದು ಕೊಚ್ಚಿಹೋದಾಗ ನಾವೆಲ್ಲ ನಿದ್ದೆಗೆಟ್ಟೆವು. ಗೇಟು ಅಂದರೇನು ಅಂತ ಆವಾಗ ನಮ್ಮ ಹುಡುಗರಿಗೂ ತಿಳಿಯಿತು.

ಪುಣೆಯಲ್ಲಿದ್ದಾಗಲೇ ನೀರಾ ಕಾಲುವೆಗೆ ಬ್ಲಾಕ್ ಪದ್ಧತಿ ಅಂತ ತಂದರು. ಇದು ನಮ್ಮ ಸದಸ್ಯರಿಗೆ ಸ್ವಲ್ಪ ಚುರುಕು ಮುಟ್ಟಿಸುವ ಮಾತು, ಆದರೂ ಹೇಳಲೇಬೇಕು. ಅಲ್ಲಿ ಕಾಲುವೆಯ ಮೇಲ್ಭಾಗದವರು ಮನಸ್ಸಿಗೆ ಬಂದಷ್ಟು ನೀರು ಹರಿಸಿ ಕಬ್ಬು ಹಾಕುತ್ತಿದ್ದರು. ಕೆಳಗಿನ ಊರುಗಳಿಗೆ ನೀರಿಲ್ಲ, ಮೇಲಿನ ಊರುಗಳಲ್ಲಿ ಭೂಮಿ ಜವಳಾಗಿ ಸೊಳ್ಳೆ, ಜ್ವರ. ವಿಶ್ವೇಶ್ವರಯ್ಯನವರು ಊರೂರಿಗೆ ಇಂತಿಷ್ಟು ಅಂತ ಜಮೀನನ್ನು ಬ್ಲಾಕ್ ಮಾಡಿ, ಅದರೊಳಗೆ ಒಂದು ಪಾಲು ಕಬ್ಬು, ಉಳಿದ ಪಾಲು ಕಡಿಮೆ ನೀರಿನ ಬೆಳೆ, ವರ್ಷ ವರ್ಷ ಅದಲು ಬದಲು ಎಂದು ಗೊತ್ತು ಮಾಡಿದರು. ರೈತರು ಮೊದಲು ವಿರೋಧ ಮಾಡಿದರು. ಮುಂದೆ ಅದೇ ಪದ್ಧತಿ ಮಂಡ್ಯ ಕಡೆಯ ಕಾಲುವೆಗೂ ಬಂತು. ಆ ಕಾಲುವೆಗೆ ಈಗ ಅವರ ಹೆಸರೇ ಇದೆ.

ನಮ್ಮ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿಯುತ್ತದೆ. ಇದನ್ನು ಯೋಜಿಸಿದವರು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಅರೆ ಖುಷ್ಕಿ ಬೆಳೆಗೆ ಅಂತ ಲೆಕ್ಕ ಹಾಕಿದ್ದರು. ನಾವು ನೆಲ್ಲು ಹಚ್ಚಿದೆವು. ನೆಲ್ಲು ನಮ್ಮನ್ನು ಸಾಕಿದೆ, ಸಿಂಧನೂರಿಗೆ ಭತ್ತದ ಕಣಜ ಅಂತ ಹೆಸರು ತಂದಿದೆ, ಅದನ್ನು ಹಳಿಯುವುದಿಲ್ಲ. ಆದರೆ ಎರೆ ಭೂಮಿಯಲ್ಲಿ ವರ್ಷಾನುಗಟ್ಟಲೆ ನೀರು ನಿಂತು ಎಷ್ಟೋ ಹೊಲ ಸವಳು ಜವಳಾಗಿವೆ, ಮಾನ್ವಿ, ರಾಯಚೂರು ಕಡೆಯ ಟೇಲೆಂಡ್ ರೈತರು ಪ್ರತಿ ವರ್ಷ ರಸ್ತೆಗಿಳಿಯುತ್ತಾರೆ. ಇನ್ನೊಂದು ವಿಷಯ. ಗದ್ದೆಯಿಂದ ನಾವು ಬಿಟ್ಟ ನೀರು ಬರೀ ನೀರಲ್ಲ, ಅದರಲ್ಲಿ ಯೂರಿಯಾ, ಡಿ.ಎ.ಪಿ., ಔಷಧ ಎಲ್ಲ ಇರುತ್ತದೆ. ಅದು ಹಳ್ಳ ಸೇರುತ್ತದೆ. ನಮ್ಮ ಊರಿನ ಹಳ್ಳ ಮುಂದಿನ ಊರಿಗೆ ದನ ಕುಡಿಯುವ ನೀರು. ಗೊಬ್ಬರ ಹಾಕಿದ ಮೇಲೆ ಮೂರು ನಾಲ್ಕು ದಿನ ಬದುವಿನ ಬಾಯಿ ಮುಚ್ಚಿದರೆ ಗೊಬ್ಬರ ಗದ್ದೆಯಲ್ಲೇ ಉಳಿಯುತ್ತದೆ. ಸಂಘದಲ್ಲಿ ಸಾಲ ಮಾಡಿ ಒಯ್ದ ಗೊಬ್ಬರವನ್ನು ಹಳ್ಳಕ್ಕೆ ಯಾಕೆ ಬಿಡಬೇಕು?

1906ರಲ್ಲಿ ಅವರನ್ನು ಏಡನ್‌ಗೆ ಕಳಿಸಿದರು. ಅರಬ್ಬರ ನಾಡಿನ ಬಂದರು, ಮಳೆಯೇ ಇಲ್ಲದ ಊರು. ದೂರದ ಲಹೆಜ್ ಕಡೆಯ ಹಳ್ಳದ ಒಳನೀರನ್ನು ಭಾವಿ ತೋಡಿ ತರಬಹುದು ಅಂತ ಹೇಳಿ, ಊರಿನ ಒಳಚರಂಡಿಯ ಬಗ್ಗೆಯೂ ವರದಿ ಕೊಟ್ಟರು. 1908ರಲ್ಲಿ ತಾವಾಗಿಯೇ ಮುಂಬಯಿ ಸರ್ಕಾರದ ನೌಕರಿ ಬಿಟ್ಟು ದೇಶ ಸುತ್ತಲು ಯೂರೋಪಿಗೆ ಹೋದರು. ಅಲ್ಲಿದ್ದಾಗಲೇ ನಿಜಾಮರ ಸರ್ಕಾರದಿಂದ ಕರೆ ಬಂತು.

1908ರ ಸೆಪ್ಟೆಂಬರ್ 28. ಮೂಸಿ ನದಿ ಹೈದರಾಬಾದ್ ಊರೊಳಗೆ ನುಗ್ಗಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು, ಸುಮಾರು 19 ಸಾವಿರ ಮನೆ ಬಿದ್ದವು. ಆಸ್ಪತ್ರೆಯ ಆವರಣದ ಹುಣಸೆ ಮರ ಹತ್ತಿ ನೂರೈವತ್ತು ಮಂದಿ ಜೀವ ಉಳಿಸಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯಲ್ಲಿದೆ. ಇದು ನಮ್ಮದೇ ಸಂಸ್ಥಾನದ ರಾಜಧಾನಿ ಅನ್ನುವುದನ್ನು ಮರೆಯಬಾರದು.

ವಿಶ್ವೇಶ್ವರಯ್ಯನವರು 1909ರ ಏಪ್ರಿಲ್‌ನಲ್ಲಿ ಬಂದು ಕೆಲಸ ಹಿಡಿದರು. ಬೇರೆಯವರಾದರೆ ಊರೊಳಗೆ ನದಿಗೆ ಗೋಡೆ ಕಟ್ಟಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ನೀರು ಎಲ್ಲಿ ಬಿತ್ತು, ಎಲ್ಲಿಂದ ಬಂತು ಅಂತ ನದಿಯ ಮೇಲಕ್ಕೆ ಹೊರಟರು. ಹೈದರಾಬಾದಿನ ಮೇಲೆ ಮೂಸಿಗೆ ನೀರು ಕೊಡುವ ಪ್ರದೇಶ 860 ಚದರ ಮೈಲಿಗೂ ಸ್ವಲ್ಪ ಹೆಚ್ಚು. ಅದರಲ್ಲಿ 788 ಕೆರೆಗಳು, ಅಂದರೆ ಸುಮಾರು ಚದರ ಮೈಲಿಗೊಂದು. ಆ ಮಳೆಗೆ ಇವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದು ಕೆಳಗಿನ ಕೆರೆಗೆ, ಅದು ಒಡೆದು ಅದರ ಕೆಳಗಿನದಕ್ಕೆ, ಹೀಗೆ ಸಾಲಿಗೆ ಸಾಲೇ ಕಿತ್ತುಕೊಂಡು ಊರ ಮೇಲೆ ಬಂತು. ನದಿಯಲ್ಲಿ ಆ ದಿನ ಹರಿದದ್ದು ಸುಮಾರು 4 ಲಕ್ಷ 25 ಸಾವಿರ ಕ್ಯೂಸೆಕ್ ಅಂತ ಲೆಕ್ಕ ಮಾಡಿದರು. ನಮ್ಮ ಕಾಲುವೆಯ ನೀರಿನ ಲೆಕ್ಕ ಗೊತ್ತಿದ್ದವರಿಗೆ ಇದು ಎಂಥ ನೀರು ಅಂತ ಹೇಳಬೇಕಾಗಿಲ್ಲ.

1909ರ ಅಕ್ಟೋಬರ್ 1ರಂದು ವರದಿ ಕೊಟ್ಟರು. ಊರಿನ ಮೇಲ್ಭಾಗದಲ್ಲಿ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು, ಎರಡು ದೊಡ್ಡ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ತಡೆದು ನಿಧಾನವಾಗಿ ಬಿಡಬೇಕು. ಊರೊಳಗೆ ನದಿಯ ದಂಡೆ ಎತ್ತರಿಸಬೇಕು. ಊರಿನ ಹೊಲಸು ನೀರು ನದಿಗೆ ಬೀಳದಂತೆ ಒಳಚರಂಡಿ ಮಾಡಬೇಕು. ಮೂಸಿ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ, ಈಸಿ ಮೇಲಿನ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಪ್ರವಾಹ ತಡೆಯಲು ಕಟ್ಟಿದ ಆ ಎರಡೂ ಹೈದರಾಬಾದಿಗೆ ಕುಡಿಯುವ ನೀರನ್ನೂ ಕೊಟ್ಟವು. ಒಳಚರಂಡಿ ಕೆಲಸಕ್ಕೆ ಸಲಹೆ ಕೊಡಲು 1922ರಲ್ಲಿ ಮತ್ತೆ ಹೋದರು, ಆಗ ಅವರಿಗೆ ಅರವತ್ತು ದಾಟಿತ್ತು. ಹಿಮಾಯತ್ ಸಾಗರಕ್ಕೆ ಹೆಸರು ಬಂದದ್ದು ನಿಜಾಮರ ಹಿರಿಯ ಮಗ, ಬೇರಾರಿನ ಯುವರಾಜನಿಂದ. 1945ರ ಫೆಬ್ರವರಿ 28ರಂದು ನಮ್ಮ ತುಂಗಭದ್ರಾ ಅಣೆಕಟ್ಟಿಗೆ ಎಡದಂಡೆಯಲ್ಲಿ ಅಡಿಗಲ್ಲು ಇಟ್ಟವರೂ ಅವರೇ.

ಮುಂದಿನ ಕಥೆ ಅಷ್ಟು ಚೆಂದ ಇಲ್ಲ. ಒಳಚರಂಡಿ ಅಂದಿನ ಊರಿಗೆ ಆಗಿದ್ದು, ಊರು ಎಷ್ಟೋ ಪಟ್ಟು ಬೆಳೆಯಿತು. ಮೂಸಿ ಇವತ್ತು ದೇಶಕ್ಕೇ ಗೊತ್ತಿರುವ ಹೊಲಸು ನದಿ. ಎರಡು ಸಾಗರಗಳ ಸುತ್ತ 10 ಕಿಲೋಮೀಟರಿನೊಳಗೆ, 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡ, ಕಾರ್ಖಾನೆ ಬೇಡ ಅಂತ 1996ರಲ್ಲಿ ಸರ್ಕಾರಿ ಆದೇಶವಾಗಿತ್ತು, 2022ರಲ್ಲಿ ಅದನ್ನು ತೆಗೆದುಹಾಕಿದರು. 2020ರ ಅಕ್ಟೋಬರ್ ಮಳೆಗೆ ಹೈದರಾಬಾದಿನ ಬಡಾವಣೆಗಳಲ್ಲಿ ನೀರು ನುಗ್ಗಿದ್ದು ಬಹಳಷ್ಟು ಕಡೆ ಕೆರೆ ಒಡೆದು, ಕೆರೆ ಮುಚ್ಚಿ ಮನೆ ಕಟ್ಟಿದ್ದರಿಂದ. ನದಿ ಮೇಲಿನಿಂದ ಬರುವ ನೀರಿಗೆ ವಿಶ್ವೇಶ್ವರಯ್ಯನವರು ದಾರಿ ಮಾಡಿದ್ದರು, ಊರೊಳಗೇ ಬಿದ್ದ ಮಳೆಗೆ ದಾರಿ ಮುಚ್ಚಿದವರು ನಮ್ಮ ಕಾಲದವರು. ನಮಗೂ ಅನುಭವವಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ರಾಯಚೂರು ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಕುಸಿದು, ನದಿ ದಂಡೆಯ ಊರುಗಳು ಜಾಗ ಬಿಟ್ಟು ಏಳಬೇಕಾಯಿತು.

1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು, 1912ರಿಂದ 1918ರ ತನಕ ದಿವಾನರು. ಕನ್ನಂಬಾಡಿ ಕೆಲಸ 1911ರಲ್ಲಿ ಶುರುವಾಯಿತು. ಮೈಸೂರು ಬ್ಯಾಂಕು 1913ರಲ್ಲಿ, ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ. ಇದೆಲ್ಲ ಸಾಲಿ ಪುಸ್ತಕದಲ್ಲೇ ಇದೆ. ಪುಸ್ತಕದಲ್ಲಿ ಇಲ್ಲದ್ದು ಅವರ ಗ್ರಾಮ ಸುಧಾರಣೆ ಯೋಜನೆ. ಹಳ್ಳಿಗೊಂದು ಸಮಿತಿ, ಊರಿನವರು ವಾರಕ್ಕೆ ಅರ್ಧ ದಿನ ಊರ ಕೆಲಸಕ್ಕೆ ಮೈ ಬಗ್ಗಿಸುವುದು, ಭಾವಿ, ದಾರಿ, ಕೆರೆ ದುರಸ್ತಿ, ಸ್ವಚ್ಛತೆ ಇವೇ ಕೆಲಸ. ಸರ್ಕಾರ ಒಂದಿಷ್ಟು ಕೊಡುತ್ತದೆ, ಊರಿನವರು ಒಂದಿಷ್ಟು. ನಮ್ಮ ಸಂಘದ ಷೇರು ಹಣದ ಲೆಕ್ಕವೂ ಇದೇ ತಾನೇ!

1918ರ ಡಿಸೆಂಬರಿನಲ್ಲಿ ದಿವಾನಗಿರಿ ಬಿಟ್ಟರು. ಹಿಂದುಳಿದ ಜಾತಿಗಳಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ವಿಷಯದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಅವರಿಗೂ ಒಮ್ಮತ ಬರಲಿಲ್ಲ. ಈ ವಿಷಯದಲ್ಲಿ ಮಹಾರಾಜರದೇ ಸರಿ ಅಂತ ನನ್ನ ಅಭಿಪ್ರಾಯ. ದೊಡ್ಡವರ ಬಗ್ಗೆ ಬರೆಯುವಾಗ ಇಂಥದ್ದನ್ನು ಬಿಟ್ಟು ಬರೆಯುವ ರೂಢಿಯಿದೆ, ಅದು ಬೇಡ ಅನಿಸಿತು. ಆಮೇಲೆ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಡೆಸಿದರು. 1930ರ ದಶಕದ ಕೊನೆಯಲ್ಲಿ ಒರಿಸ್ಸಾದ ಪ್ರವಾಹ ನೋಡಿ ವರದಿ ಕೊಟ್ಟರು. ಅಲ್ಲಿಯೂ ಅದೇ ಮಾತು, ನೀರನ್ನು ಮೇಲೆಯೇ ಹಿಡಿಯಬೇಕು ಎಂಬುದು. 1955ರಲ್ಲಿ ಭಾರತ ರತ್ನ ಬಂತು. 1960ರಲ್ಲಿ, ಅವರು ಬದುಕಿರುವಾಗಲೇ, ಅವರ ಶತಮಾನೋತ್ಸವದ ಅಂಚೆ ಚೀಟಿ ಹೊರಟಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ಈಗ ನಮ್ಮ ಊರಿಗೆ ಬರೋಣ. ನಮ್ಮಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ, ಅದೂ ನಾಲ್ಕೈದು ಹೊಡೆತದಲ್ಲಿ. ಎರೆ ಮಣ್ಣು ಒಮ್ಮೆ ತೋಯ್ದರೆ ಮತ್ತೆ ನೀರು ಕುಡಿಯುವುದಿಲ್ಲ, ಮೇಲಿನ ಓಣಿಗೆ ಈಗ ಸಿಮೆಂಟ್ ರಸ್ತೆ ಆಗಿರುವುದರಿಂದ ಅಲ್ಲಂತೂ ಇಂಗುವ ಮಾತೇ ಇಲ್ಲ. ತಿಪ್ಪೆ, ದನದ ಕೊಟ್ಟಿಗೆ, ಬಯಲು ಕಡೆ ಎಲ್ಲವನ್ನೂ ತೊಳೆದುಕೊಂಡು ಆ ನೀರು ಸಂಘದ ಗೋದಾಮಿನ ಮುಂದೆ ಮೊಣಕಾಲುದ್ದ ನಿಂತು, ಅಲ್ಲಿಂದ ಕುಡಿಯುವ ನೀರಿನ ಕೆರೆಯ ಕಡೆ ತಿರುಗುತ್ತದೆ. ಕೆರೆಯ ಏರಿ ಪಶ್ಚಿಮ ಮೂಲೆಯಲ್ಲಿ ತಗ್ಗಿರುವುದರಿಂದ ದೊಡ್ಡ ಮಳೆಗೆ ಅದು ಒಳಗೇ ಇಳಿಯುತ್ತದೆ. ಬೇಸಿಗೆ ಕಳೆದ ಮೇಲಿನ ಮೊದಲ ಮಳೆಯ ನೀರೇ ಎಲ್ಲಕ್ಕಿಂತ ಹೊಲಸು, ಕೆರೆಯಲ್ಲಿ ನೀರು ಎಲ್ಲಕ್ಕಿಂತ ಕಡಿಮೆ ಇರುವುದೂ ಆವಾಗಲೇ.

ನಾವು ಮೂರು ಜನ ನಿರ್ದೇಶಕರು ಈ ಸಲದ ಮಳೆಯಲ್ಲಿ ಕೊಡೆ ಹಿಡಿದುಕೊಂಡು ನೀರಿನ ಹಿಂದೆ ಹೋಗಿ ನೋಡಿದೆವು. ಕೆರೆಗೆ ಬೀಳುವ ನೀರಿನ ಅರ್ಧಕ್ಕಿಂತ ಹೆಚ್ಚು ಒಂದೇ ಓಣಿಯಿಂದ ಬರುತ್ತದೆ. ಆ ಓಣಿಯ ಕೊನೆಯಿಂದ ಹಳ್ಳದ ತನಕ ಸುಮಾರು 140 ಮೀಟರ್ ಕಾಲುವೆ ತೋಡಿದರೆ ನೀರು ಕೆರೆ ಬಿಟ್ಟು ಹೋಗುತ್ತದೆ. ಹಳ್ಳಕ್ಕೆ ಸೇರುವ ಮೊದಲು ಒಂದು ತಗ್ಗು ತೋಡಿ, ಅದರಲ್ಲಿ ಆಪು, ಜಂಬು ಬೆಳೆಯಲು ಬಿಟ್ಟರೆ ರಾಡಿ ಅಲ್ಲೇ ಕೂಡುತ್ತದೆ, ಕೆಳಗಿನ ಊರಿನವರಿಗೂ ತೊಂದರೆಯಿಲ್ಲ. ಏರಿಯ ತಗ್ಗು ತುಂಬಲು ಆ ತೋಡಿದ ಮಣ್ಣೇ ಸಾಕು. ಅಡ್ಡಿ ಒಂದೇ. ಕಾಲುವೆ ಮೂವರು ಸದಸ್ಯರ ಹೊಲದ ಬದುವಿನಲ್ಲಿ ಹೋಗಬೇಕು. ಇಬ್ಬರು ಒಪ್ಪಿದ್ದಾರೆ. ಮೂರನೆಯವರು ಸಭೆಯಲ್ಲಿ ಮಾತಾಡೋಣ ಅಂದಿದ್ದಾರೆ, ಅವರ ಮಾತಿನಲ್ಲೂ ಅರ್ಥವಿದೆ, ಯಾಕೆಂದರೆ ಅವರ ಹೊಲವೇ ಎಲ್ಲರಿಗಿಂತ ಸಣ್ಣದು. ಅವರಿಗೆ ಏನು ಪರಿಹಾರ ಕೊಡಬೇಕು, ಸಂಘದ ಸಾಮಾನ್ಯ ಒಳಿತಿನ ನಿಧಿಯಿಂದ ಎಷ್ಟು ತೆಗೆಯಬಹುದು, ಗ್ರಾಮ ಪಂಚಾಯತಿಯಿಂದ ಉದ್ಯೋಗ ಖಾತ್ರಿ ಕೆಲಸವಾಗಿ ಎಷ್ಟು ಕೇಳಬೇಕು ಎಂಬುದು ಈ ವರ್ಷದ ಸರ್ವ ಸದಸ್ಯರ ಸಭೆಯ ವಿಷಯ ಪಟ್ಟಿಯಲ್ಲಿ 9ನೆಯದಾಗಿ ಸೇರಿದೆ. ಊಟ ಆದ ಮೇಲೆ ಅರ್ಧ ಜನ ಎದ್ದು ಹೋಗುತ್ತಾರೆಂದು ಇದನ್ನು ಊಟಕ್ಕೆ ಮೊದಲೇ ತೆಗೆದುಕೊಳ್ಳಲು ಅಧ್ಯಕ್ಷರು ಒಪ್ಪಿದ್ದಾರೆ.